ಟೇಬಲ್‌ಟಾಪ್ ಆಟಗಳಿಗೆ ಬರೆಯುವ ಕೆಲಸ, ಕನ್ವೆನ್ಷನ್ ಓಡಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿದ್ದುಕೊಂಡು ಅಮೆರಿಕ ಮತ್ತು ಬ್ರಿಟನ್ನಿನ ಪ್ರಕಾಶಕರ ರೋಲ್‌ಪ್ಲೇಯಿಂಗ್ ಆಟಗಳಿಗೆ ಬರೆಯುತ್ತೇನೆ. ನೌಕರಿಯಲ್ಲ, ಫ್ರೀಲಾನ್ಸ್. ಆಗಾಗ ಆಟದ ಮೇಳಗಳಿಗೆ, ಅಂದರೆ ಕನ್ವೆನ್ಷನ್‌ಗಳಿಗೆ ಹೋಗಿ ಆಡಿಸುತ್ತೇನೆ, ಗೋಷ್ಠಿಗಳಲ್ಲಿ ಮಾತಾಡುತ್ತೇನೆ. ಇಮೇಲಿನಲ್ಲಿ, ಕಾಲೇಜುಗಳಲ್ಲಿ, ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಬರುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ನೀವು ಬರೆಯುವುದು ಏನು? ಲೂಡೋ, ಮೊನಾಪಲಿ ಥರದ್ದಾ?

ಅಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ: ಕಳ್ಳಿ, ವೈದ್ಯ, ಸೈನಿಕ, ಮಂತ್ರವಾದಿ. ಇನ್ನೊಬ್ಬರು ಆಡಿಸುವವರು, ಅಂದರೆ ಗೇಮ್ ಮಾಸ್ಟರ್. ಅವರು ಸನ್ನಿವೇಶ ಹೇಳುತ್ತಾರೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ, ಫಲಿತಾಂಶ ಅನುಮಾನವಾದಾಗ ದಾಳ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಲ್ಲಿ ಮೊದಲು ಪ್ರಕಟವಾದದ್ದು, ಇಂದಿಗೂ ದೊಡ್ಡದು. ಅದರ ಸುತ್ತ ನೂರಾರು ಬೇರೆ ಆಟಗಳಿವೆ.

ಮಲೆನಾಡು, ಕರಾವಳಿಯವರಿಗೆ ನಾನು ತಾಳಮದ್ದಲೆಯ ಉದಾಹರಣೆ ಕೊಡುತ್ತೇನೆ. ಪ್ರಸಂಗ ಮುಂಚೆಯೇ ಗೊತ್ತು, ಆದರೆ ಅರ್ಥಧಾರಿಯ ಮಾತು ಅಲ್ಲೇ, ಆ ಕ್ಷಣಕ್ಕೆ, ಎದುರಿನವರ ಮಾತಿಗೆ ತಕ್ಕಂತೆ ಹುಟ್ಟುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಕರ್ಣ ಕೊನೆಗೆ ಸಾಯಲೇಬೇಕು, ನಮ್ಮಲ್ಲಿ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಆ ಕೊನೆಯಿಲ್ಲದ ಪ್ರಸಂಗವನ್ನು ಬರೆದುಕೊಡುವುದು ನನ್ನ ಕೆಲಸ. ನಮ್ಮಲ್ಲಿ ಅದನ್ನು ಸಾಹಸ ಎನ್ನುತ್ತೇವೆ. ಜೊತೆಗೆ ಊರುಗಳ ವಿವರ, ರಾಕ್ಷಸರು, ಮಾಯಾವಸ್ತುಗಳು, ದಾಳ ಹಾಕಿ ಆರಿಸುವ ಕೋಷ್ಟಕಗಳು.

ಕಥೆ ಬರೆಯಲು ಬರುವವರಿಗೆ ಇದು ಸುಲಭವಲ್ಲವೇ?

ಕಥೆ ಚೆನ್ನಾಗಿ ಬರೆಯುವವರೇ ಇಲ್ಲಿ ಮೊದಮೊದಲು ಒದ್ದಾಡುತ್ತಾರೆ. ಕಥೆಗಾರ ಓದುಗನಿಗೆ ಬರೆಯುತ್ತಾನೆ. ನಾವು ಬರೆಯುವುದು ಆಡಿಸುವವರಿಗೆ. ಅವರು ಶನಿವಾರ ಸಂಜೆ, ಆಫೀಸಿನ ದಣಿವಿನಲ್ಲಿ, ಐದು ಜನ ಎದುರು ಕೂತು ಗಲಾಟೆ ಮಾಡುತ್ತಿರುವಾಗ ಪುಟ ತಿರುಗಿಸಿ ಬೇಕಾದ್ದನ್ನು ಅರೆ ನಿಮಿಷದಲ್ಲಿ ಹುಡುಕಬೇಕು. ಆ ಮನುಷ್ಯನನ್ನು ಸದಾ ಕಣ್ಣೆದುರು ಇಟ್ಟುಕೊಂಡು ಬರೆಯುವುದೇ ಈ ವಿದ್ಯೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಒಂದು ಉದಾಹರಣೆ. ಆಟಗಾರರಿಗೆ ಗಟ್ಟಿಯಾಗಿ ಓದಿ ಹೇಳಲೆಂದು ಚೌಕದೊಳಗೆ ಅಚ್ಚಾಗುವ ಭಾಗ ಇರುತ್ತದೆ. ಹೊಸಬರು ಅದನ್ನು ಹೀಗೆ ಬರೆದು ಕಳಿಸುತ್ತಾರೆ:

"ನೀವು ಗುಡಿಯ ಬಾಗಿಲು ತಳ್ಳಿ ಒಳಗೆ ಕಾಲಿಡುತ್ತೀರಿ. ನಿಮ್ಮ ಎದೆ ಭಯದಿಂದ ನಡುಗುತ್ತದೆ. ಮುನ್ನೂರು ವರ್ಷಗಳ ಹಿಂದೆ ಇಲ್ಲಿ ರಾಣಿಯೊಬ್ಬಳು ತನ್ನ ತಮ್ಮನನ್ನು ಕೊಂದಿದ್ದಳು."

ವಾಕ್ಯಗಳು ಕೆಟ್ಟದಾಗಿಲ್ಲ. ಆದರೆ ಮೇಜಿನ ಮೇಲೆ ಇವು ಕೆಲಸ ಮಾಡುವುದಿಲ್ಲ. ಬಾಗಿಲು ತಳ್ಳುತ್ತೇವೆ ಎಂದು ಆಟಗಾರರು ಹೇಳಿಯೇ ಇಲ್ಲ. ಹೆದರಬೇಕೋ ಬೇಡವೋ ಎನ್ನುವುದು ಅವರ ಪಾತ್ರಕ್ಕೆ ಬಿಟ್ಟದ್ದು. ಮುನ್ನೂರು ವರ್ಷದ ಹಿಂದಿನ ಕೊಲೆ ಬಾಗಿಲಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಅದನ್ನೇ ಹೀಗೆ ಬರೆದರೆ:

"ಗುಡಿಯ ಬಾಗಿಲು ಅರ್ಧ ತೆರೆದಿದೆ. ಒಳಗೆ ಗಂಟೆಯ ಹಗ್ಗದಿಂದ ನೀರು ತೊಟ್ಟಿಕ್ಕುತ್ತಿದೆ. ಸುತ್ತಲಿನ ನೆಲ ಬಿರುಕು ಬಿಟ್ಟಿದೆ. ಇಲ್ಲಿ ಮಳೆ ಬಂದು ತಿಂಗಳುಗಳಾಗಿವೆ."

ಈಗ ಒಬ್ಬರು ಹಗ್ಗ ಮುಟ್ಟುತ್ತಾರೆ, ಇನ್ನೊಬ್ಬರು ಆ ನೀರನ್ನು ನಾಲಿಗೆಗೆ ಹಚ್ಚುತ್ತಾರೆ, ಮತ್ತೊಬ್ಬರು ಗಂಟೆ ಬಾರಿಸಲು ಕೈ ಎತ್ತುತ್ತಾರೆ. ಚೌಕದ ಕೆಳಗೆ ನಾನು ಆಡಿಸುವವರಿಗೆ ಮಾತ್ರ ಬರೆಯುತ್ತೇನೆ: ಹಗ್ಗ ಒದ್ದೆಯಾಗಿದ್ದು ಏಕೆ, ಗಂಟೆ ಬಾರಿಸಿದರೆ ಯಾರಿಗೆ ಕೇಳುತ್ತದೆ, ಹಗ್ಗ ಕತ್ತರಿಸಿದರೆ ಏನು, ಒಳಗೆ ಹೋಗದೆ ವಾಪಸ್ ನಡೆದುಬಿಟ್ಟರೆ ಕಥೆ ಎಲ್ಲಿ ಮುಂದುವರಿಯುತ್ತದೆ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಆಟಗಾರರು ವಾಪಸ್ ನಡೆಯುವುದು ಅಪರೂಪವೇನಲ್ಲ.

ಒಂದು ಕೆಲಸ ಹೇಗೆ ಶುರುವಾಗಿ ಹೇಗೆ ಮುಗಿಯುತ್ತದೆ?

ಪುಸ್ತಕದ ಹೊಣೆ ಹೊತ್ತ ಡೆವಲಪರ್ ಒಬ್ಬರಿರುತ್ತಾರೆ. ಅವರಿಂದ ಇಮೇಲ್ ಬರುತ್ತದೆ: ಇಂಥ ಪುಸ್ತಕ, ಇಂಥ ಅಧ್ಯಾಯ, ಇಷ್ಟು ಪದ, ಇಷ್ಟು ದರ, ಈ ತಾರೀಖು. ಒಪ್ಪಿದರೆ ಗೋಪ್ಯತೆಯ ಒಪ್ಪಂದಕ್ಕೂ ಕರಾರಿಗೂ ಸಹಿ. ಪುಸ್ತಕ ಘೋಷಣೆಯಾಗುವವರೆಗೆ ಬಾಯಿ ಬಿಡುವಂತಿಲ್ಲ. "ಈಗ ಏನು ಬರೆಯುತ್ತಿದ್ದೀರಿ" ಎಂದು ನೀವು ಕೇಳಿದಾಗ ನಾನು ಮಾತು ತೇಲಿಸುವುದು ಇದಕ್ಕೇ. ದಯವಿಟ್ಟು ಬಿಂಕ ಎಂದುಕೊಳ್ಳಬೇಡಿ.

ಮೊದಲು ಔಟ್‌ಲೈನ್ ಕಳಿಸಬೇಕು. ಅದು ಒಪ್ಪಿಗೆಯಾದ ಮೇಲೆ ಮೊದಲ ಡ್ರಾಫ್ಟ್. ಸಂಸ್ಥೆಯ ಸ್ಟೈಲ್ ಗೈಡ್ ಪಕ್ಕದಲ್ಲೇ ಇರಬೇಕು. ಯಾವ ಪದ ದಪ್ಪಕ್ಷರ, ಯಾವುದು ಇಟಾಲಿಕ್, ರಾಕ್ಷಸನ ಅಂಕಿಅಂಶಗಳ ಪಟ್ಟಿ ಯಾವ ಕ್ರಮದಲ್ಲಿ, ಎಲ್ಲಕ್ಕೂ ನಿಯಮವಿದೆ. ಡ್ರಾಫ್ಟ್ ವಾಪಸ್ ಬಂದಾಗ ಅಂಚಿನ ತುಂಬ ಡೆವಲಪರ್ ಟಿಪ್ಪಣಿಗಳು. "ಆಟಗಾರರು ದೋಣಿ ಹತ್ತದೇ ಹೋದರೆ?" ಎಂಬ ನಾಲ್ಕು ಪದದ ಟಿಪ್ಪಣಿ ಎರಡು ಪುಟ ಹೊಸದಾಗಿ ಬರೆಸಬಲ್ಲದು. ಒಳ್ಳೆಯ ಡೆವಲಪರ್ ಸಿಕ್ಕಿದರೆ ಪುಣ್ಯ. ನಮ್ಮ ಬರಹವನ್ನು ಆಡಿಸುವವರ ಕಣ್ಣಿನಿಂದ ಮೊದಲು ಓದುವವರು ಅವರೇ.

ನಡುವೆ ಪ್ಲೇಟೆಸ್ಟ್. ನಾನು ಬರೆದದ್ದನ್ನು ನಾನೇ ಆಡಿಸಿ ನೋಡಿದರೆ ಸಾಲದು, ಏಕೆಂದರೆ ಕಾಗದದ ಮೇಲೆ ಬಿಟ್ಟುಹೋದದ್ದನ್ನು ನನ್ನ ತಲೆ ತುಂಬಿಸಿಕೊಂಡುಬಿಡುತ್ತದೆ. ಬೇರೆಯವರ ಕೈಗೆ ಕೊಟ್ಟು, ತುಟಿ ಬಿಗಿಹಿಡಿದು ಮೂಲೆಯಲ್ಲಿ ಕೂತು ನೋಡಬೇಕು. ಎಲ್ಲಿ ಅವರು ಪುಟ ಹಿಂದೆ ಮುಂದೆ ತಿರುವುತ್ತಾರೋ ಅಲ್ಲಿ ಬರಹ ತಿದ್ದಬೇಕು. ಆಮೇಲೆ ಎರಡನೇ ಡ್ರಾಫ್ಟ್, ಎಡಿಟಿಂಗ್, ಕಲಾವಿದರಿಗೆ ಚಿತ್ರದ ವಿವರ, ಲೇಔಟ್, ಅಚ್ಚು. ನನ್ನ ಭಾಗ ಕೆಲವು ವಾರಗಳಲ್ಲಿ ಮುಗಿದರೂ ಪುಸ್ತಕ ಕೈಗೆ ಬರುವುದಕ್ಕೆ ವರ್ಷ ಹಿಡಿಯುವುದು ಮಾಮೂಲು.

ಎಷ್ಟು ಸಿಗುತ್ತದೆ?

ಈ ಪ್ರಶ್ನೆಗೆ ನೇರ ಉತ್ತರ ಕೊಡುವವರು ಕಡಿಮೆ, ಅದರಿಂದ ನಷ್ಟ ಹೊಸಬರಿಗೆ. ಈ ಉದ್ಯಮದಲ್ಲಿ ದರ ಪದದ ಲೆಕ್ಕ. ಸಣ್ಣ ಪ್ರಕಾಶಕರು ಪದಕ್ಕೆ ಮೂರರಿಂದ ಐದು ಸೆಂಟ್ ಕೊಡುವುದುಂಟು. ಉತ್ತಮ ಸಂಸ್ಥೆಗಳು ಹತ್ತು ಸೆಂಟ್‌ವರೆಗೂ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತವೆ. ಪದಕ್ಕೆ ಎಂಟು ಸೆಂಟ್ ಎಂದು ಹಿಡಿದರೆ 5,000 ಪದದ ಸಾಹಸಕ್ಕೆ 400 ಡಾಲರ್.

ರೂಪಾಯಿಗೆ ತಿರುಗಿಸಿದಾಗ ಕಣ್ಣು ಅರಳುತ್ತದೆ, ಸರಿ. ಆದರೆ ಆ ಐದು ಸಾವಿರ ಪದದ ಹಿಂದೆ ಔಟ್‌ಲೈನ್, ಪ್ಲೇಟೆಸ್ಟ್, ಮರುಬರಹ, ಅಂಕಿಅಂಶದ ತಾಳೆ ಎಲ್ಲ ಇವೆ. ಅವುಗಳಿಗೆ ಬೇರೆ ದುಡ್ಡಿಲ್ಲ. ರಾಕ್ಷಸನೊಬ್ಬನ ಅಂಕಿಗಳ ಪಟ್ಟಿಯಲ್ಲಿ ಪದ ಕಡಿಮೆ, ಶ್ರಮ ಹೆಚ್ಚು. ಪದದ ದರ ಅಲ್ಲಿ ಅನ್ಯಾಯ ಮಾಡುತ್ತದೆ. ಭಾರತದಲ್ಲಿದ್ದೀರಿ ಎಂಬ ಕಾರಣಕ್ಕೆ ದರ ಇಳಿಸಿ ಕೇಳಿದರೆ ಒಪ್ಪಬೇಡಿ. ಅದೇ ಪುಸ್ತಕ, ಅದೇ ಬೆಲೆಗೆ ಮಾರಾಟವಾಗುತ್ತದೆ, ಅಲ್ಲವೇ?

ಇದರಿಂದ ಮನೆ ನಡೆಯುತ್ತದಾ?

ಇದೊಂದರಿಂದಲೇ ಮನೆ ನಡೆಸುವವರು ಅಮೆರಿಕದಲ್ಲೂ ಕಡಿಮೆ. ನನ್ನ ಪರಿಚಯದ ಹೆಚ್ಚಿನವರಿಗೆ ಇನ್ನೊಂದು ದುಡಿಮೆಯಿದೆ: ಪಾಠ, ಸಾಫ್ಟ್‌ವೇರ್, ಅನುವಾದ, ವಿಡಿಯೊ ಗೇಮ್ ಬರಹ. ನಾನೂ ಕಂಪನಿಗಳಿಗೆ ತಾಂತ್ರಿಕ ಕೈಪಿಡಿ ಬರೆದುಕೊಡುತ್ತೇನೆ. ಎರಡೂ ಕಡೆ ಓದುವವರು ಅವಸರದಲ್ಲಿರುತ್ತಾರೆ, ಹಾಗಾಗಿ ಒಂದು ಕೆಲಸ ಇನ್ನೊಂದಕ್ಕೆ ಕಲಿಸುತ್ತದೆ. ಓದು ಬಿಟ್ಟು, ಕೆಲಸ ಬಿಟ್ಟು ಇದಕ್ಕೆ ಬನ್ನಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಬರೆದದ್ದರ ಹಕ್ಕು ಯಾರದ್ದು?

ಹೆಚ್ಚಿನ ಕರಾರುಗಳಲ್ಲಿ ಹಕ್ಕು ಪೂರ್ತಿ ಪ್ರಕಾಶಕರದ್ದು. ಹಣ ಒಮ್ಮೆ, ಹೆಸರು ಪುಸ್ತಕದ ಮೊದಲ ಪುಟದಲ್ಲಿ, ಒಂದೆರಡು ಉಚಿತ ಪ್ರತಿ. ನಾನು ಹುಟ್ಟಿಸಿದ ಪಾತ್ರ ಮುಂದೆ ಸಿನಿಮಾದಲ್ಲಿ ಬಂದರೂ ಕೇಳುವಂತಿಲ್ಲ. ಆದ್ದರಿಂದ ಮನಸ್ಸಿಗೆ ತೀರ ಹತ್ತಿರವಾದ ಲೋಕವನ್ನು ಬೇರೆಯವರ ಪುಸ್ತಕಕ್ಕೆ ಕೊಡಬೇಡಿ, ನಿಮ್ಮದೇ ಪ್ರಕಟಣೆಗೆ ಎತ್ತಿಡಿ.

ಪರವಾನಗಿಯ ವಿಷಯವೂ ತಿಳಿದಿರಬೇಕು. 2000ದಲ್ಲಿ ಬಂದ ಓಪನ್ ಗೇಮ್ ಲೈಸೆನ್ಸ್ ಇತರರಿಗೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳನ್ನು ಬಳಸಲು ಬಿಟ್ಟಿತ್ತು. ಸಾವಿರಾರು ಸಣ್ಣ ಪ್ರಕಟಣೆಗಳು ಅದರ ಮೇಲೆ ನಿಂತಿದ್ದವು. 2023ರ ಜನವರಿಯಲ್ಲಿ ಅದನ್ನು ಬದಲಿಸುವ ಕರಡು ಸೋರಿಕೆಯಾಗಿ ದೊಡ್ಡ ಪ್ರತಿಭಟನೆ ಎದ್ದಿತು. ಅದೇ ತಿಂಗಳ 27ರಂದು ಆ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಹಳೆಯ ಲೈಸೆನ್ಸನ್ನು ಹಾಗೇ ಉಳಿಸಿ, ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಿಡುಗಡೆ ಮಾಡಿತು. ಮೂಲವನ್ನು ಹೆಸರಿಸಿದರೆ ಸಾಕು, ಆ ನಿಯಮಗಳನ್ನು ಯಾರು ಬೇಕಾದರೂ ಕನ್ನಡಕ್ಕೆ ತಂದು ಮಾರಬಹುದು. ನಮ್ಮವರು ಇದನ್ನಿನ್ನೂ ಬಳಸಿಕೊಂಡಿಲ್ಲ ಎನ್ನುವುದು ನನಗೆ ಕೊರಗು.

ದುಡ್ಡು ಬರದೇ ಹೋದದ್ದು ಇದೆಯೇ?

ಇದೆ. ಒಂದು ಸಂಸ್ಥೆ ನನ್ನಿಂದ ಇಡೀ ಅಧ್ಯಾಯ ಬರೆಸಿಕೊಂಡು, ತಿದ್ದಿಸಿಕೊಂಡು, ಆಮೇಲೆ ಪುಸ್ತಕವನ್ನೇ ಕೈಬಿಟ್ಟಿತು. "ಪ್ರಕಟವಾದ ಮೇಲೆ ಹಣ" ಎಂದು ಕರಾರಿನಲ್ಲಿತ್ತು. ಪ್ರಕಟವಾಗಲಿಲ್ಲ, ಹಣವೂ ಬರಲಿಲ್ಲ. ಕಾನೂನಿನ ಪ್ರಕಾರ ಅವರದ್ದು ತಪ್ಪಲ್ಲ, ಆದರೆ ನ್ಯಾಯವಂತೂ ಅಲ್ಲ. ಬರಹ ಒಪ್ಪಿಸಿದ ಮೇಲೆ ಇಷ್ಟು ದಿನದೊಳಗೆ ಹಣ ಎಂಬ ಕಲಂ, ಪುಸ್ತಕ ನಿಂತುಹೋದರೆ ಇಷ್ಟು ಪಾಲು ಎಂಬ ಕಲಂ, ಈ ಎರಡನ್ನೂ ಸಹಿ ಹಾಕುವ ಮುಂಚೆ ಕೇಳಿ. ಕೇಳಿದ್ದಕ್ಕೆ ಕೆಲಸ ಹೋದರೆ, ಅಂಥ ಕೆಲಸ ಹೋಗುವುದೇ ಲೇಸು.

ತೆರಿಗೆ, ಬ್ಯಾಂಕು?

ಅಮೆರಿಕದ ಪ್ರಕಾಶಕರು ನೀವು ಅಲ್ಲಿನವರಲ್ಲ ಎಂದು ತಿಳಿಸುವ ಡಬ್ಲ್ಯೂ-8ಬೆನ್ ಎಂಬ ತೆರಿಗೆ ಫಾರಂ ಕೇಳುತ್ತಾರೆ, ತುಂಬಿ ಕೊಡಿ. ಹೊರದೇಶದಿಂದ ಹಣ ಬಂದಾಗಲೆಲ್ಲ ಬ್ಯಾಂಕಿನಿಂದ ರೆಮಿಟೆನ್ಸ್ ಪತ್ರ ಪಡೆದು ಫೈಲಿನಲ್ಲಿಡಿ. ವರ್ಷದ ವಹಿವಾಟು 20 ಲಕ್ಷ ದಾಟುವ ಹಾಗಿದ್ದರೆ ಜಿಎಸ್‌ಟಿ ಮಾತು ಬರುತ್ತದೆ. ಮಿಕ್ಕದ್ದಕ್ಕೆ ಸಾಫ್ಟ್‌ವೇರ್ ಫ್ರೀಲಾನ್ಸರುಗಳ ಲೆಕ್ಕ ನೋಡುವ ಆಡಿಟರ್ ಹಿಡಿಯಿರಿ.

ಶುರು ಮಾಡುವುದು ಹೇಗೆ?

ಆಡಿಸಿ. ಮೊದಲು ಆಡಿಸಿ. ಆಡಿಸದೆ ಬರೆಯುವವರ ಬರಹ ಎರಡನೇ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಬೇರೆಯವರ ಸಾಹಸ ಆಡಿಸುವಾಗ ಎಲ್ಲಿ ನಿಮಗೆ ಸಿಟ್ಟು ಬಂತು, ಎಲ್ಲಿ ಪುಟ ಹುಡುಕಿದಿರಿ, ಎಲ್ಲಿ ನೀವೇ ಹೊಸದು ಕಟ್ಟಬೇಕಾಯಿತು, ಎಲ್ಲ ಬರೆದಿಟ್ಟುಕೊಳ್ಳಿ.

ಆಮೇಲೆ ಚಿಕ್ಕದೊಂದನ್ನು ಬರೆದು ಮುಗಿಸಿ. ಒಂದು ಪುಟ, ನಾಲ್ಕು ಪುಟ. ಅರ್ಧ ನಿಂತ ಮಹಾಕಾವ್ಯದ ಬದಲು ಮುಗಿದ ನಾಲ್ಕು ಪುಟ ತೋರಿಸಿದವರಿಗೆ ಕೆಲಸ ಸಿಗುತ್ತದೆ. ಪ್ರಕಟಿಸಲು ದಾರಿಗಳಿವೆ. 2016ರಲ್ಲಿ ಶುರುವಾದ ಆನ್‌ಲೈನ್ ಮಾರಾಟ ತಾಣ ಡಿಎಂಸ್ ಗಿಲ್ಡ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಲೋಕಗಳನ್ನೇ ಬಳಸಿ ಬರೆದು ಮಾರಬಹುದು. ಬೆಲೆಯ ಅರ್ಧ ಬರೆದವರಿಗೆ. ಆದರೆ ಅಲ್ಲಿ ಹಾಕಿದ್ದನ್ನು ಬೇರೆ ಕಡೆ ಮಾರುವಂತಿಲ್ಲ. ಪೂರ್ತಿ ನಿಮ್ಮದೇ ಆಟವಾದರೆ ಇಚ್.ಐಒ ಎಂಬ ತಾಣ ಸಲೀಸು. ಜನರಿಂದ ಮುಂಗಡ ಹಣ ಕೂಡಿಸುವ ತಾಣ ಕಿಕ್‌ಸ್ಟಾರ್ಟರ್ 2019ರಿಂದ ನಡೆಸುತ್ತಿರುವ ಝೀನ್ ಕ್ವೆಸ್ಟ್ ಸಣ್ಣ ಪುಸ್ತಿಕೆಗಳಿಗೆಂದೇ ಇದೆ. ಪ್ರಕಾಶಕರು ಹೊಸ ಬರಹಗಾರರನ್ನು ಹುಡುಕುವಾಗ ನೋಡುವುದು ಇಂಥ ಮುಗಿದ ಕೆಲಸಗಳನ್ನೇ. ಆಮೇಲೆ ಅವರು ಗಮನಿಸುವುದು ಎರಡು: ಹೇಳಿದ ದಿನ ಕೊಟ್ಟರೇ, ಹೇಳಿದಷ್ಟು ಪದಕ್ಕೆ ನಿಂತರೇ.

ನಮ್ಮ ನಾಡಿನ ವಿಷಯ ತರುತ್ತೀರಾ?

ತರುತ್ತೇನೆ, ಆದರೆ ಎಲ್ಲವನ್ನೂ ಅಲ್ಲ.

ನನ್ನ ಅಜ್ಜಿಯ ತವರು ಶರಾವತಿ ಹಿನ್ನೀರಿನಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರದ ಕಡೆಯ ಊರುಗಳು ಮುಳುಗಿದವು. ಬಿರುಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ, ಅದಕ್ಕೂ ಹಿಂದಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಮುಳುಗಿದ ಒಂದು ಅಣೆಕಟ್ಟಿನ ಮೇಲೆ ಇನ್ನೊಂದು ಅಣೆಕಟ್ಟಿನ ನೀರು. ಒಂದು ಸಾಹಸದಲ್ಲಿ ನಾನು ಇದನ್ನೇ ಇಟ್ಟುಕೊಂಡು ಬರೆದೆ: ವರ್ಷಕ್ಕೊಮ್ಮೆ ನೀರು ಇಳಿದಾಗ ಊರಿನವರು ತಮ್ಮ ಹಳೆಯ ಅಂಗಳಕ್ಕೆ ಹೋಗಿ ಬರುತ್ತಾರೆ, ಆ ಸಲ ಒಬ್ಬರು ವಾಪಸ್ ಬರಲಿಲ್ಲ. ಮೇಲೆ ಹೇಳಿದ ಒದ್ದೆ ಹಗ್ಗದ ಗುಡಿ ಅದೇ ಊರಿನದು. ಅಲ್ಲಿ ಖಳನಾಯಕ ಇಲ್ಲ. ಮುಳುಗಿಸಿದವರಿಗೂ ಬೆಳಕು ಬೇಕಿತ್ತು, ಮುಳುಗಿದವರಿಗೆ ಮನೆ ಬೇಕಿತ್ತು. ಯಾರ ಮಾತು ನಡೆಯಬೇಕು ಎಂಬ ತೀರ್ಮಾನವನ್ನು ಮೇಜಿನವರಿಗೆ ಬಿಟ್ಟೆ.

ಆದರೆ ತುಳುನಾಡಿನ ದೈವವೊಂದನ್ನು ರಾಕ್ಷಸರ ಪಟ್ಟಿಗೆ ಬರೆದುಕೊಡಿ ಎಂದು ಕೇಳಿದರೆ ಒಪ್ಪುವುದಿಲ್ಲ, ಒಪ್ಪಿಲ್ಲ. ಜನ ಇಂದಿಗೂ ಕೈಮುಗಿದು ನಡೆದುಕೊಳ್ಳುವ ದೈವಕ್ಕೆ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳುತ್ತದೆ ಎಂಬ ಅಂಕಿ, ಬರೆದರೆ, ಅದನ್ನು ಹೊಡೆದು ಕೊಲ್ಲಬಹುದು ಎಂದು ಬರೆದಂತೆಯೇ. ಸತ್ತ ದಂತಕಥೆಗೂ ಬದುಕಿರುವ ನಂಬಿಕೆಗೂ ಇರುವ ಅಂತರ ಹೊರಗಿನ ಸಂಪಾದಕರಿಗೆ ಗೊತ್ತಿರುವುದಿಲ್ಲ. ಗೊತ್ತಿರುವ ನಾವು ಹೇಳಬೇಕು.

ಇಂಥ ಕೆಲಸಕ್ಕೆ ಬಾಗಿಲು ಈಗ ಮೊದಲಿಗಿಂತ ತೆರೆದಿದೆ. 2022ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಬಂದ ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಾಡೆಲ್ ಸಂಕಲನದ ಹದಿಮೂರು ಸಾಹಸಗಳನ್ನೂ ಬಿಳಿಯರಲ್ಲದ ಬರಹಗಾರರೇ ಬರೆದರು. ಅದರಲ್ಲಿ ಬಂಗಾಳದ ಸತ್ವ ಹೊತ್ತ ಸಾಹಸವನ್ನು ಬರೆದವರು ಮಿಮಿ ಮೊಂಡಲ್. ತಮ್ಮ ಊರಿನ ನೀರು, ಮಣ್ಣು ಬಲ್ಲವರು ಬರೆದರೆ ಆಟ ಹೇಗೆ ಬೇರೆಯಾಗುತ್ತದೆ ಎಂದು ನೋಡಬೇಕಾದರೆ ಅದನ್ನು ಆಡಿಸಿ ನೋಡಿ.

ಕನ್ನಡದಲ್ಲಿ ಆಡಿಸುತ್ತೀರಾ?

ಹೂಂ. ನಿಯಮದ ಪದಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ, ಪಾತ್ರಗಳ ಮಾತು ಕನ್ನಡಕ್ಕೆ ಬಂದ ತಕ್ಷಣ ಮೇಜು ಬಿಸಿಯಾಗುತ್ತದೆ. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ ಹುಡುಗಿಯೊಬ್ಬಳು ಧಾರವಾಡದ ಕನ್ನಡದಲ್ಲಿ ಕೋಟೆಯ ಕಾವಲುಗಾರನ ಜೊತೆ ಚೌಕಾಶಿಗೆ ನಿಂತು, ದಾಳ ಮುಟ್ಟದೆಯೇ ಒಳಗೆ ಹೋದದ್ದನ್ನು ನಾನೇ ನೋಡಿದ್ದೇನೆ. "ಏನ್ ಯಜಮಾನ್ರ, ನಿಮ್ಮ ಮನ್ಯಾಗೂ ಹೆಣ್ಮಕ್ಕಳದಾರಿಲ್ರೀ?" ಎಂದು ಅವಳು ಕೇಳಿದ ಮೇಲೆ ಕಾವಲುಗಾರನಾಗಿ ನನ್ನಲ್ಲಿ ಉತ್ತರವಿರಲಿಲ್ಲ.

ಎಐ ಬಳಸುತ್ತೀರಾ?

ಇಲ್ಲ. ನಾನು ಸಹಿ ಹಾಕುವ ಕರಾರುಗಳಲ್ಲಿ ಬಳಸಬಾರದೆಂದೇ ಇದೆ. ಕರಾರಿನಲ್ಲಿ ಇಲ್ಲದಿದ್ದರೂ ಬಳಸುವುದಿಲ್ಲ.

ಯಾವ ಕನ್ವೆನ್ಷನ್‌ಗಳಿಗೆ ಹೋಗುತ್ತೀರಿ?

ದೊಡ್ಡದು ಅಮೆರಿಕದ ಜೆನ್ ಕಾನ್. 1968ರಲ್ಲಿ ವಿಸ್ಕಾನ್ಸಿನ್ನಿನ ಲೇಕ್ ಜಿನೀವಾದಲ್ಲಿ ಸಣ್ಣದಾಗಿ ಶುರುವಾಗಿ, 2003ರಿಂದ ಇಂಡಿಯಾನಾಪೊಲಿಸ್‌ನಲ್ಲಿ ಬೇಸಿಗೆಯ ನಾಲ್ಕು ದಿನ ನಡೆಯುತ್ತದೆ. ಈಚಿನ ವರ್ಷಗಳಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ರೋಲ್‌ಪ್ಲೇಯಿಂಗ್ ಬರಹಗಾರರಿಗೆ ಜಾತ್ರೆ, ಸಂತೆ, ನೆಂಟರ ಮನೆ ಎಲ್ಲವೂ ಅದೇ. ಈ ಕ್ಷೇತ್ರದ ಎನ್ನೀ ಪ್ರಶಸ್ತಿಗಳನ್ನು ಕೊಡುವುದೂ ಅಲ್ಲೇ. ಬ್ರಿಟನ್ನಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಯುಕೆ ಗೇಮ್ಸ್ ಎಕ್ಸ್‌ಪೊ ಇದೆ, 2007ರಿಂದ. ನನಗೆ ಅದೇ ಹೆಚ್ಚು ಇಷ್ಟ, ಅಲ್ಲಿ ಪ್ರಕಾಶಕರೊಂದಿಗೆ ಕೂತು ಮಾತಾಡಲು ಪುರುಸೊತ್ತು ಸಿಗುತ್ತದೆ. ಜರ್ಮನಿಯ ಎಸ್ಸೆನ್‌ನ ಸ್ಪೀಲ್ ಇನ್ನೂ ದೊಡ್ಡ ಮೇಳ, ಆದರೆ ಅದು ಮುಖ್ಯವಾಗಿ ಬೋರ್ಡ್ ಗೇಮ್‌ಗಳದ್ದು. ಅಲ್ಲಿಗೆ ಕೆಲಸಕ್ಕಾಗಿ ಹೋಗಬೇಕಾದದ್ದು ಕಡಿಮೆ.

ಬೆಂಗಳೂರಿನಲ್ಲಿ ಬೋರ್ಡ್ ಗೇಮ್ ಕೆಫೆಗಳಲ್ಲಿ, ಸಣ್ಣ ಸಣ್ಣ ಕೂಟಗಳಲ್ಲಿ ಆಡಿಸುತ್ತೇನೆ. ಅವು ಚಿಕ್ಕವು ಎಂದು ಕಡೆಗಣಿಸಬೇಡಿ. ನನ್ನ ಬರಹದ ಹೆಚ್ಚಿನ ಪ್ಲೇಟೆಸ್ಟ್ ಆಗಿರುವುದು ಅಲ್ಲಿಯೇ.

ಅಲ್ಲಿ ಇಡೀ ದಿನ ಏನು ಮಾಡುತ್ತೀರಿ?

ಬೆಳಗ್ಗೆ ಒಂದು ಆಟ. ಕನ್ವೆನ್ಷನ್ ಆಟದ ಅವಧಿ ಸಾಮಾನ್ಯವಾಗಿ ನಾಲ್ಕು ಗಂಟೆ. ಅಷ್ಟರಲ್ಲಿ ಪರಿಚಯವಿಲ್ಲದ ಐದಾರು ಜನರಿಗೆ ನಿಯಮ ಹೇಳಿ, ಮುಂಚೆಯೇ ಸಿದ್ಧಪಡಿಸಿದ ಪಾತ್ರಗಳನ್ನು ಹಂಚಿ, ಕಥೆ ಶುರು ಮಾಡಿ, ಮುಗಿಸಬೇಕು. ಮುಗಿಸುವುದು ಕಡ್ಡಾಯ; ಮುಂದಿನ ವಾರಕ್ಕೆ ಉಳಿಸಲು ಅವರು ಮತ್ತೆ ಸಿಗುವುದಿಲ್ಲ. ಮೂರನೇ ಗಂಟೆಯ ಕೊನೆಗೆ ನಾನು ಗಡಿಯಾರ ನೋಡಿ, ಉಳಿದ ದೃಶ್ಯಗಳಲ್ಲಿ ಯಾವುದನ್ನು ಬಿಡಬಹುದು ಎಂದು ಲೆಕ್ಕ ಹಾಕುತ್ತಿರುತ್ತೇನೆ. ಹಾಗಾಗಿ ಕನ್ವೆನ್ಷನ್‌ಗೆ ಬರೆಯುವ ಸಾಹಸದಲ್ಲಿ ಕಿತ್ತುಹಾಕಿದರೂ ಕಥೆ ಮುರಿಯದ ಒಂದು ದೃಶ್ಯವನ್ನು ಬೇಕೆಂದೇ ಇಡುತ್ತೇನೆ.

ಸಭಾಂಗಣದ ಸದ್ದು ಊಹಿಸಿಕೊಳ್ಳಿ: ಒಂದೇ ಹಾಲಿನಲ್ಲಿ ಹತ್ತಾರು ಮೇಜು, ಎಲ್ಲ ಕಡೆ ದಾಳದ ಸದ್ದು, ಪಕ್ಕದ ಮೇಜಿನಲ್ಲಿ ಯಾರೋ ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತು ಹಾಕಿದ್ದಕ್ಕೆ ಕೇಕೆ. ಎರಡನೇ ದಿನಕ್ಕೆ ಗಂಟಲು ಕಟ್ಟುತ್ತದೆ. ಜ್ಯೇಷ್ಠಮಧುವಿನ ತುಂಡು, ಕಲ್ಲುಸಕ್ಕರೆ ಸದಾ ಚೀಲದಲ್ಲಿರುತ್ತವೆ. ಎದುರು ಕೂತ ಅಮೆರಿಕದ ಆಟಗಾರರಿಗೂ ಹಂಚಿದ್ದೇನೆ.

ಮಧ್ಯಾಹ್ನ ಗೋಷ್ಠಿ: ಸಾಹಸ ಬರೆಯುವುದು ಹೇಗೆ, ಕರಾರು ಓದುವುದು ಹೇಗೆ, ಅಮೆರಿಕದ ಹೊರಗಿದ್ದು ಕೆಲಸ ಮಾಡುವುದು ಹೇಗೆ. ಸಂಜೆ ಪ್ರಕಾಶಕರ ಮಳಿಗೆಯಲ್ಲಿ ನಿಂತು ಪುಸ್ತಕ ತೋರಿಸುವುದು, ಸಹಿ. ಮುಂದಿನ ಕೆಲಸದ ಮಾತು ಆಗುವುದು ಹೆಚ್ಚಾಗಿ ಕಾಫಿಯ ಸಾಲಿನಲ್ಲಿ. ಆ ಮಾತನ್ನು ಅದೇ ರಾತ್ರಿ ಬರೆದಿಟ್ಟು, ಊರಿಗೆ ಬಂದ ವಾರದಲ್ಲೇ ಇಮೇಲ್ ಕಳಿಸಬೇಕು. ಇಲ್ಲದಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಇಷ್ಟೆಲ್ಲದರಲ್ಲಿ ನನಗೆ ಬೆಲೆ ಹೆಚ್ಚಿನದು ಒಂದೇ: ನಾನು ಬರೆದ ಸಾಹಸವನ್ನು ಬೇರೊಬ್ಬರು ಆಡಿಸುತ್ತಿರುವಾಗ ದೂರದಿಂದ ನಿಂತು ನೋಡುವುದು. ಒಮ್ಮೆ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಮುಳುಗಿದ ಊರಿನ ಸಾಹಸ ಆಡಿಸುತ್ತಿದ್ದರು. ನನ್ನ ಪುಟಗಳ ಮೇಲೆ ಅವರ ಬಣ್ಣದ ಪಟ್ಟಿಗಳು, ಅಂಚಿನಲ್ಲಿ ಪೆನ್ಸಿಲ್ ಬರಹ. ನಾನು ಒಂದು ಸಾಲಿನಲ್ಲಿ ಮುಗಿಸಿದ್ದ ಅಂಬಿಗನಿಗೆ ಅವರು ಹೆಸರು, ಕೆಮ್ಮು, ಮಗಳು, ಎಲ್ಲವನ್ನೂ ಕೊಟ್ಟಿದ್ದರು. ಆಟಗಾರರು ಗುಡಿಯನ್ನು ಮರೆತು ಅವನ ಮಗಳ ಮದುವೆಯ ಚಿಂತೆಗೆ ಬಿದ್ದಿದ್ದರು.

ಹೋಗಿಬರುವ ಖರ್ಚು ಯಾರದ್ದು?

ವಿಶೇಷ ಅತಿಥಿಯಾಗಿ ಕರೆದರೆ ವಸತಿ, ಪ್ರವೇಶ, ಕೆಲವೊಮ್ಮೆ ಪ್ರಯಾಣ ಅವರದ್ದು. ಇಲ್ಲದಿದ್ದರೆ ನಮ್ಮದೇ. ಆಟ ಆಡಿಸಿದರೆ ಪ್ರವೇಶದ ಹಣ ಬಿಡುವ ಕನ್ವೆನ್ಷನ್‌ಗಳಿವೆ. ಹೋಟೆಲ್ ಕೋಣೆಯನ್ನು ಬರಹಗಾರರು ಮೂರ್ನಾಲ್ಕು ಜನ ಹಂಚಿಕೊಳ್ಳುತ್ತೇವೆ.

ನಮ್ಮಂಥವರಿಗೆ ಟಿಕೆಟ್ಟಿಗಿಂತ ದೊಡ್ಡ ತಲೆನೋವು ವೀಸಾ. ಬೆಂಗಳೂರಿನವರು ಅಮೆರಿಕದ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿದ್ದೇವೆ, ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಕಾದಿದ್ದೇವೆ. ವ್ಯವಹಾರ, ಪ್ರವಾಸಕ್ಕೆ ಕೊಡುವ ಬಿ1/ಬಿ2 ವೀಸಾದಲ್ಲಿ ಕನ್ವೆನ್ಷನ್‌ಗೆ, ವ್ಯವಹಾರದ ಮಾತುಕತೆಗೆ ಹೋಗಬಹುದು. ಅಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ, ಮಳಿಗೆಯಲ್ಲಿ ಕೂಲಿಗೆ ನಿಲ್ಲುವುದೂ ಅದರಲ್ಲಿ ಸೇರುತ್ತದೆ. ಆಹ್ವಾನ ಪತ್ರವನ್ನು ಮುಂಚಿತವಾಗಿ ಕೇಳಿ ತರಿಸಿಕೊಳ್ಳಿ. ಈಚೆಗೆ ಹಲವು ಗೋಷ್ಠಿಗಳು ಆನ್‌ಲೈನ್‌ನಲ್ಲೂ ಇರುತ್ತವೆ. ರಾತ್ರಿ ಎಚ್ಚರವಿರಲು ಸಿದ್ಧರಿದ್ದರೆ ಸಾಕು.

ನಾನು ಎಂದೂ ಆಡಿಲ್ಲ. ನಿಮ್ಮ ಮೇಜಿಗೆ ಬರಬಹುದೇ?

ಖಂಡಿತ ಬನ್ನಿ. ನಿಯಮ ಓದಿಕೊಂಡು ಬರುವುದು ಬೇಡ, ದಾಳ ಕೊಳ್ಳುವುದೂ ಬೇಡ. ಶುರುವಿನಲ್ಲಿ ಯಾವ ವಿಷಯ ಬೇಡ ಎಂದು ಎಲ್ಲರನ್ನೂ ಕೇಳುತ್ತೇನೆ. ಮೇಜಿನ ಮಧ್ಯೆ ಜಾನ್ ಸ್ಟಾವ್ರೊಪೊಲಸ್ ರೂಪಿಸಿದ ಎಕ್ಸ್ ಕಾರ್ಡ್ ಇರುತ್ತದೆ. ಕಥೆ ನಿಮಗೆ ಹಿಂಸೆಯಾಗುವ ಕಡೆ ಹೊರಳಿದರೆ ಅದನ್ನು ಮುಟ್ಟಿ. ಕಾರಣ ಕೇಳದೆ ದೃಶ್ಯ ಬದಲಿಸುತ್ತೇನೆ. ಅಪರಿಚಿತರ ನಡುವೆ ಕೂತು ಆಡುವಾಗ ಇದಿಲ್ಲದೆ ನಾನು ಆಡಿಸುವುದಿಲ್ಲ.

ಮಗ/ಮಗಳು ಇದರಲ್ಲೇ ಮುಳುಗಿದ್ದಾರೆ. ಚಿಂತೆ ಮಾಡಬೇಕೇ?

ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ಮೂರ್ನಾಲ್ಕು ಗಂಟೆ ಮೊಬೈಲ್ ಮುಟ್ಟದೆ, ಬೇರೆಯವರ ಮಾತು ಪೂರ್ತಿ ಕೇಳಿಸಿಕೊಂಡು, ತಾವೂ ಮಾತಾಡುತ್ತಾ ಕೂತಿರುತ್ತಾರೆ. ಆಟ ಎಂದರೆ ಹೊತ್ತುಗಳೆಯುವ ಚಟ ಎಂಬ ಮಾತಿಗೆ ನಮ್ಮ ನಾಡಿನಲ್ಲೇ ಉತ್ತರವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಬಗ್ಗೆ ಬರೆಸಿದರು, ಚದುರಂಗದ ಕುದುರೆಯ ನಡೆಯಲ್ಲಿ ಒಗಟುಗಳನ್ನು ಕಟ್ಟಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳನ್ನು ಬರೆಸಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಪರೀಕ್ಷೆಯ ಹೊತ್ತಿನಲ್ಲಿ ಆಟ ನಿಲ್ಲಿಸಲು ಹೇಳುವುದು ನಿಮ್ಮ ಹಕ್ಕು, ನನ್ನದೇನೂ ತಕರಾರಿಲ್ಲ.

ನಮ್ಮ ಕಾಲೇಜಿಗೆ, ಗ್ರಂಥಾಲಯಕ್ಕೆ ಬರುತ್ತೀರಾ?

ಬರುತ್ತೇನೆ. ಸರ್ಕಾರಿ ಶಾಲೆ, ಸಾರ್ವಜನಿಕ ಗ್ರಂಥಾಲಯಗಳಿಗೆ ಶುಲ್ಕವಿಲ್ಲ, ಬಸ್ಸಿನ ಖರ್ಚು ಕೊಟ್ಟರೆ ಸಾಕು. ಭಾಷಣಕ್ಕಿಂತ ಆಟಕ್ಕೆ ಕರೆಯಿರಿ. ಮೈಕಿನ ಮುಂದೆ ಒಂದು ಗಂಟೆ ಹೇಳಿದರೂ ಅರ್ಥವಾಗದ್ದು ದಾಳ ಕೈಗೆ ಕೊಟ್ಟ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಹೊಸ ಉದ್ಯಮದ ಯೋಜನೆ ಮಂಡಿಸುವ ಶಾರ್ಕ್ ಟ್ಯಾಂಕ್ ಮಾದರಿಯ ಸ್ಪರ್ಧೆಗೆ ತೀರ್ಪುಗಾರರಾಗಿ ಎಂದು ಕೇಳಬೇಡಿ, ಅದು ನನ್ನ ಕ್ಷೇತ್ರವಲ್ಲ.

ನಾನು ಬರೆದ ಆಟವನ್ನು ಓದಿ ಅಭಿಪ್ರಾಯ ಹೇಳುತ್ತೀರಾ?

ಪ್ರಕಟವಾಗಿದ್ದರೆ ಸಂತೋಷದಿಂದ. ಪ್ರಕಟವಾಗದ ಹಸ್ತಪ್ರತಿಯನ್ನು ಓದುವುದಿಲ್ಲ. ನಾಳೆ ನನ್ನ ಪುಸ್ತಕದಲ್ಲಿ ಅದರಂಥದ್ದೇ ಏನಾದರೂ ಬಂದರೆ ಇಬ್ಬರಿಗೂ ಕಷ್ಟ. ಕರಾರುಗಳೂ ಇದನ್ನು ತಡೆಯುತ್ತವೆ. ಕೂಟಕ್ಕೆ ತಂದು ಆಡಿಸಿ, ನಾನು ಆಟಗಾರನ ಕುರ್ಚಿಯಲ್ಲಿ ಕೂರುತ್ತೇನೆ. ನಿಮಗೆ ಬೇಕಾದ ಅಭಿಪ್ರಾಯ ಅಲ್ಲೇ ಸಿಗುತ್ತದೆ.

ಕನ್ವೆನ್ಷನ್‌ನಲ್ಲಿ ನಿಮ್ಮನ್ನು ಮಾತಾಡಿಸಬಹುದೇ?

ಆಟ ನಡೆಯುವಾಗ ಬೇಡ, ಆ ನಾಲ್ಕು ಗಂಟೆ ಮೇಜಿನವರದ್ದು. ಮುಗಿದ ಮೇಲೆ ಬನ್ನಿ. ಕನ್ನಡದಲ್ಲೇ ಕೂಗಿ ಕರೆಯಿರಿ, ಆ ಗದ್ದಲದಲ್ಲೂ ಕೇಳಿಸುತ್ತದೆ. ಪುಸ್ತಕ ತಂದಿದ್ದರೆ ಸಹಿ ಹಾಕುತ್ತೇನೆ. ನನ್ನ ಸಾಹಸವನ್ನು ನೀವು ಆಡಿಸಿದ್ದರೆ ಹೊಗಳಿಕೆಗಿಂತ ಮೊದಲು ಪುಟದ ಸಂಖ್ಯೆ ಹೇಳಿ: ಎಲ್ಲಿ ಅಡಚಣೆಯಾಯಿತು, ಯಾವ ಅಂಕಿ ತಾಳೆಯಾಗಲಿಲ್ಲ, ಆಟಗಾರರು ಕೇಳಿದ ಯಾವ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮರುಮುದ್ರಣಕ್ಕೆ ಮುಂಚೆ ಪ್ರಕಾಶಕರು ತಿದ್ದುಪಡಿಗಳ ಪಟ್ಟಿ ಕೇಳುತ್ತಾರೆ, ನಿಮ್ಮ ಮಾತು ನೇರ ಅದಕ್ಕೆ ಹೋಗುತ್ತದೆ.